ಸ್ವಿಚ್ ಹಾಕುವ ಮೊದಲು

ನಮ್ಮ ಹಳೆಯ ಸಭಾಭವನದ ಹಿಂದೆ ಒಂದು ಸಾಮಾನು ಕೋಣೆ ಇದೆ. ಗೋದಲಿಯ ಕುರಿಗಳು, ವಾರ್ಷಿಕ ಹಬ್ಬದ ತೋರಣದ ಬಿದಿರು, ಕಾಲು ಮುರಿದ ಬೆಂಚು, ಸ್ವರ ಕಟ್ಟಿದ ಧ್ವನಿವರ್ಧಕ, ಎಲ್ಲವೂ ಅಲ್ಲೇ. ಮಳೆಗಾಲಕ್ಕೆ ಮುಂಚೆ ಆ ಕೋಣೆಯನ್ನು ಖಾಲಿ ಮಾಡಿಕೊಡಿ ಎಂದು ಕಳೆದ ಏಪ್ರಿಲಿನಲ್ಲಿ ಫಾದರ್ ನಮ್ಮ ಯುವಜನ ಸಂಘಕ್ಕೆ ಹೇಳಿದರು. ನಾವು ಐದು ಜನ ಹೋದೆವು. ಸಂಜೆ ಗುಜರಿಯವರು ಬರುವವರಿದ್ದರು.

ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಸಿಕ್ಕಿತು. ಬಿಳಿ ಬಣ್ಣ ಹಳದಿಯಾಗಿತ್ತು. ಅದರ ಮೇಲೆ ಗುಡಾಣದ ಹಾಗೆ ಭಾರದ ಮಾನಿಟರ್. ಪಕ್ಕದಲ್ಲಿ ಚಪ್ಪಲಿಯ ರಟ್ಟಿನ ಪೆಟ್ಟಿಗೆಯೊಳಗೆ ಹನ್ನೊಂದು ಫ್ಲಾಪಿಗಳು. ಪೆಟ್ಟಿಗೆಯ ಮುಚ್ಚಳದ ಮೇಲೆ ನೀಲಿ ಪೆನ್ನಿನಲ್ಲಿ ಬರೆದಿತ್ತು: ‘ಹಿರಿಯರ ಮಾತು, 2000.’

ಏನಿದು ಎಂದು ಮನೆಗೆ ಬಂದು ಕೇಳಿದಾಗ ದೊಡ್ಡವರಿಗೆ ನೆನಪಾಯಿತು. 2000ದ ಮಹಾ ಜುಬಿಲಿ ವರ್ಷದಲ್ಲಿ ಆಗಿನ ಯುವಜನರು ವಾರ್ಡು ವಾರ್ಡಿಗೆ ಹೋಗಿ 26 ಮಂದಿ ಹಿರಿಯರನ್ನು ಕೂರಿಸಿ ಮಾತನಾಡಿಸಿದ್ದರು. ಎಲ್ಲಿಂದ ಬಂದಿರಿ, ಗದ್ದೆ ಹೇಗೆ ಮಾಡಿದಿರಿ, 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದಾಗ ನಿಮಗೆ ಏನನಿಸಿತು, ಹೀಗೆ. ಪುಸ್ತಕ ಮಾಡುವ ಆಸೆಯಿತ್ತು. ದುಡ್ಡು ಸಾಲಲಿಲ್ಲ. ಸ್ಮರಣ ಸಂಚಿಕೆಯಲ್ಲಿ ಎಂಟು ಪುಟ ಮಾತ್ರ ಬಂತು. ಉಳಿದದ್ದು ಈ ಕಂಪ್ಯೂಟರಿನಲ್ಲೂ ಆ ಫ್ಲಾಪಿಗಳಲ್ಲೂ ಉಳಿಯಿತು. ಆ 26 ಮಂದಿಯಲ್ಲಿ ಇಂದು ಒಬ್ಬರೂ ಇಲ್ಲ.

ನಮ್ಮ ಐವರಲ್ಲಿ ಒಬ್ಬನ ಅಜ್ಜಿಯೂ ಆ ಪಟ್ಟಿಯಲ್ಲಿದ್ದರು. ಅವನು ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು. ಅಜ್ಜಿಯ ಒಂದು ಫೋಟೋ ಬಿಟ್ಟರೆ ಅವನ ಹತ್ತಿರ ಬೇರೇನೂ ಇಲ್ಲ. “ಅವರು ಹೇಗೆ ಮಾತಾಡುತ್ತಿದ್ದರು ಅಂತ ಓದಬೇಕು” ಎಂದ. ಗುಜರಿಯವರು ಬೆಂಚು, ಕಬ್ಬಿಣ ತೆಗೆದುಕೊಂಡು ಹೋದರು. ಕಂಪ್ಯೂಟರ್ ಉಳಿಯಿತು.

ಈಗ ನಮ್ಮ ಮೊದಲನೆಯ ತಪ್ಪು. ಮುಚ್ಚಿಡುವುದಿಲ್ಲ, ಓದುವವರಿಗೆ ಉಪಯೋಗವಾಗಲಿ.

ಅದನ್ನು ಧರ್ಮೋಪದೇಶದ ಕೋಣೆಗೆ ಹೊತ್ತು ತಂದೆವು, ಬಟ್ಟೆಯಲ್ಲಿ ಧೂಳು ಒರೆಸಿದೆವು, ವಯರ್ ಸಿಕ್ಕಿಸಿದೆವು, ಸ್ವಿಚ್ ಹಾಕಿದೆವು. ಎರಡು ಸೆಕೆಂಡು ಫ್ಯಾನ್ ತಿರುಗಿತು. ಆಮೇಲೆ ‘ಟಪ್’ ಎಂಬ ಶಬ್ದ, ಮೀನು ಸುಟ್ಟಂಥ ವಾಸನೆ, ಇಡೀ ಕಟ್ಟಡದ ಕರೆಂಟು ಹೋಯಿತು. ಪಕ್ಕದ ಕೋಣೆಯಲ್ಲಿ ಹಾಡು ಕಲಿಯುತ್ತಿದ್ದ ಗಾಯನ ಮಂಡಳಿಯವರು ಓಡಿ ಬಂದರು.

ಆ ಮಂಡಳಿಯಲ್ಲಿ ಕೀಬೋರ್ಡ್ ನುಡಿಸುವ ಒಬ್ಬ ಅಂಕಲ್ ಇದ್ದಾರೆ. ಹಿಂದೆ ಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದವರು. ಈಗಲೂ ಮನೆಯಲ್ಲಿ ಹಳೆಯ ಕಂಪ್ಯೂಟರುಗಳನ್ನು ಬಿಚ್ಚುವುದು, ಜೋಡಿಸುವುದು ಅವರ ಹವ್ಯಾಸ. ಅವರು ಬೈಯಲಿಲ್ಲ. ಟಾರ್ಚ್ ಹಿಡಿದು ಬಗ್ಗಿ ನೋಡಿದರು. “ಇಪ್ಪತ್ತು ವರ್ಷ ಮಲಗಿದವರನ್ನು ಹೀಗೆ ಎಬ್ಬಿಸುವುದಾ ಮಾರಾಯ್ರೆ? ಮೊದಲು ಬಿಚ್ಚಿ ನೋಡಬೇಕು. ಸ್ವಿಚ್ ಕಡೆಗೆ” ಎಂದರು.

ಅಂದಿನಿಂದ ಪ್ರತಿ ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ಎರಡು ಗಂಟೆ ನಾವು ಅವರ ಶಿಷ್ಯರು. ಅವರ ಮೊದಲ ನಿಯಮ: ಒಂದು ಇನ್ನೂರು ಪುಟದ ನೋಟ್ ಪುಸ್ತಕ ಬೇಕು. ಏನು ನೋಡಿದಿರಿ, ಏನು ಬದಲಿಸಿದಿರಿ, ಏನಾಯಿತು, ತಾರೀಕು ಹಾಕಿ ಬರೆಯಬೇಕು. ಎರಡನೆಯದು: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ. ಮೂರನೆಯದು: ಮಾನಿಟರನ್ನೂ ಪವರ್ ಸಪ್ಲೈ ಪೆಟ್ಟಿಗೆಯನ್ನೂ ನಾವು ಯಾವ ಕಾರಣಕ್ಕೂ ಬಿಚ್ಚಬಾರದು. ಹಳೆಯ ಬಣ್ಣದ ಮಾನಿಟರಿನ ಗಾಜಿನ ಕೊಳವೆಯಲ್ಲಿ 20 ಸಾವಿರ ವೋಲ್ಟಿಗೂ ಹೆಚ್ಚು ಇರುತ್ತದೆ. ಪ್ಲಗ್ ತೆಗೆದ ಮೇಲೂ ಅದು ಒಳಗೆ ಕಾದುಕೊಂಡಿರಬಹುದು. ಚಿಕ್ಕವರು ಇದನ್ನು ಓದುತ್ತಿದ್ದರೆ ಈ ಒಂದು ಸಾಲನ್ನು ಮರೆಯಬೇಡಿ.

ಮುಚ್ಚಳ ತೆಗೆದಾಗ ಒಳಗೆ ಹಲ್ಲಿ ಮೊಟ್ಟೆಯ ಸಿಪ್ಪೆ, ಇರುವೆಯ ಮಣ್ಣು, ಕಂಬಳಿಯ ಹಾಗೆ ಧೂಳು. ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪೂ ಇದೆ, ನೀರೂ ಇದೆ. ಸ್ಕ್ರೂಗಳೆಲ್ಲ ತುಕ್ಕು ಹಿಡಿದಿದ್ದವು. ಬಣ್ಣ ಹಚ್ಚುವ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯಲು ಒಂದು ಭಾನುವಾರ ಪೂರ್ತಿ ಹೋಯಿತು. ಟಪ್ ಎಂದದ್ದು ಪವರ್ ಸಪ್ಲೈಯ ಒಳಗಿನ ಒಂದು ಕೆಪಾಸಿಟರ್. ಅದರೊಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಬಿದ್ದರೆ ತಡೆಯುವುದಿಲ್ಲ. ಅಂಕಲ್ ತಮ್ಮ ಮನೆಯಿಂದ ಬೇರೆ ಪವರ್ ಸಪ್ಲೈ ತಂದರು. ಬೋರ್ಡಿಗೆ ಸಿಕ್ಕಿಸುವ ಮೊದಲು ಮೀಟರ್ ಹಿಡಿದು 3.3, 5, 12 ವೋಲ್ಟ್ ಸರಿಯಾಗಿ ಬರುತ್ತಿದೆಯೇ ಎಂದು ನಮ್ಮಿಂದಲೇ ಓದಿಸಿದರು. ಪುಸ್ತಕದಲ್ಲಿ ಬರೆಸಿದರು.

ಈ ಸಲ ಸ್ವಿಚ್ ಹಾಕಿದಾಗ ಪರದೆ ಕಪ್ಪಾಗಿಯೇ ಉಳಿಯಿತು. ಒಳಗಿಂದ ಮಾತ್ರ ಉದ್ದನೆಯ ‘ಬೀಪ್, ಬೀಪ್’. ಅದು ಸಿಟ್ಟಲ್ಲ, ಮಾತು ಎಂದರು ಅಂಕಲ್. ಪರದೆಗೆ ಚಿತ್ರ ಬರುವ ಮೊದಲೇ ತನ್ನ ಕಾಯಿಲೆಯನ್ನು ಹೇಳಲು ಕಂಪ್ಯೂಟರಿಗೆ ಇರುವುದು ಆ ಒಂದು ಸಣ್ಣ ಸ್ಪೀಕರ್ ಮಾತ್ರ. ನಿಲ್ಲದೆ ಬರುವ ಉದ್ದನೆಯ ಬೀಪ್ ಎಂದರೆ ನಮ್ಮ ಬೋರ್ಡಿನ ಭಾಷೆಯಲ್ಲಿ ‘ಮೆಮೊರಿ ಸಿಗುತ್ತಿಲ್ಲ’ ಎಂದು ಅರ್ಥ. ರ‍್ಯಾಮ್ ತೆಗೆದು ನೋಡಿದರೆ ಅದರ ಅಂಚಿನ ಬಂಗಾರದ ಬಣ್ಣದ ಹಲ್ಲುಗಳು ಕಂದಿದ್ದವು. ಔಷಧ ಏನೆಂದು ಊಹಿಸಿ? ಪೆನ್ಸಿಲ್ ಅಳಿಸುವ ರಬ್ಬರ್. ಮೆಲ್ಲ ಉಜ್ಜಿ, ಪುಡಿ ಒರೆಸಿ, ಕ್ಲಿಪ್ ‘ಕಟಕ್’ ಎನ್ನುವ ತನಕ ಒತ್ತಿ ಕೂರಿಸಿದೆವು. ಬೀಪ್ ಒಂದೇ ಸಲ ಬಂತು, ಚಿಕ್ಕದಾಗಿ. ಪರದೆಯಲ್ಲಿ ಬಿಳಿ ಅಕ್ಷರ ಮೂಡಿತು. 64 ಎಂಬಿ ಮೆಮೊರಿ. ನಮ್ಮ ಜೇಬಿನ ಫೋನಿನಲ್ಲಿ ಅದರ ಅರುವತ್ತು ಎಪ್ಪತ್ತು ಪಾಲು ಇದೆ. ಆದರೂ ಆ ದಿನ ನಾವು ಕೂಗಿದ ಕೂಗಿಗೆ ಸಿಸ್ಟರ್ ಕಿಟಕಿಯಿಂದ ಇಣುಕಿ ನೋಡಿದರು.

ತಾರೀಕು ಮಾತ್ರ 1980 ಜನವರಿ 1 ಎಂದು ತೋರಿಸುತ್ತಿತ್ತು. ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಂಥ ಬ್ಯಾಟರಿ ಇರುತ್ತದೆ, ಸಿಆರ್ 2032. ಕರೆಂಟು ಇಲ್ಲದಾಗಲೂ ಗಡಿಯಾರ ನಡೆಸುವುದು ಅದು. ಅದು ಸತ್ತರೆ ಯಂತ್ರ ಎಣಿಕೆಯ ಮೊದಲ ದಿನಕ್ಕೆ ಹಿಂದೆ ಹೋಗುತ್ತದೆ. ವಾಚಿನ ಅಂಗಡಿಯಿಂದ ಹೊಸದು ತಂದು ಹಾಕಿದೆವು. ನಮ್ಮ ಅದೃಷ್ಟ ಚೆನ್ನಾಗಿತ್ತು. ಇದಕ್ಕಿಂತ ಹಳೆಯ 386, 486 ಕಾಲದ ಅನೇಕ ಬೋರ್ಡುಗಳಲ್ಲಿ ಬ್ಯಾಟರಿಯನ್ನು ಬೆಸುಗೆ ಹಾಕಿಯೇ ಇಡುತ್ತಿದ್ದರಂತೆ. ಅದು ಸೋರಿ ತಾಮ್ರದ ಗೆರೆಗಳನ್ನೇ ತಿಂದುಬಿಡುತ್ತದೆ. ಮನೆಯಲ್ಲಿ ಅಂಥದ್ದಿದ್ದರೆ ಓಡಿಸಲು ಆಗದಿದ್ದರೂ ಚಿಂತೆಯಿಲ್ಲ, ಆ ಬ್ಯಾಟರಿಯನ್ನಾದರೂ ತಿಳಿದವರಿಂದ ತೆಗೆಸಿ.

ಇನ್ನೇನು ವಿಂಡೋಸ್ 98 ತೆರೆಯುತ್ತದೆ ಎಂದು ನಾವು ಕಾಯುತ್ತಿದ್ದಾಗ ಅಂಕಲ್ ಯಂತ್ರವನ್ನೇ ಆರಿಸಿದರು. ನಮಗೆ ಬೇಸರವಾಯಿತು. “ನಿಮಗೆ ಕಂಪ್ಯೂಟರ್ ಬೇಕಾ, ಅಜ್ಜಿ ಬೇಕಾ?” ಎಂದು ಕೇಳಿದರು. ಹಳೆಯ ಹಾರ್ಡ್ ಡಿಸ್ಕ್ ಇನ್ನೆಷ್ಟು ಹೊತ್ತು ತಿರುಗುತ್ತದೋ ಯಾರಿಗೂ ಗೊತ್ತಿಲ್ಲ. ವಿಂಡೋಸ್ ತೆರೆಯುವಾಗ ತನ್ನಷ್ಟಕ್ಕೆ ಏನೇನೋ ಬರೆಯುತ್ತದೆ. ಹಾಗಾಗಿ ಮೊದಲು ಪ್ರತಿ ತೆಗೆಯಬೇಕು, ಆಮೇಲೆ ಆಟ. 4.3 ಜಿಬಿಯ ಆ ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಅಡಾಪ್ಟರಿನ ಮೂಲಕ ಲಿನಕ್ಸ್ ಇರುವ ಲ್ಯಾಪ್‌ಟಾಪಿಗೆ ಜೋಡಿಸಿ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ನಕಲು ಇಳಿಸಿದೆವು. ಆ ತಂತ್ರಾಂಶದ ಬುದ್ಧಿ ನಮಗೆ ಇಷ್ಟವಾಯಿತು. ಹಾಳಾದ ಜಾಗ ಸಿಕ್ಕಿದರೆ ಅಲ್ಲೇ ಜಗಳ ಆಡುತ್ತಾ ಕೂರುವುದಿಲ್ಲ. ಗುರುತು ಹಾಕಿಕೊಂಡು ಮುಂದೆ ಹೋಗುತ್ತದೆ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಉಳಿಸಿ, ಕೊನೆಗೆ ಕಷ್ಟದ ಜಾಗಗಳಿಗೆ ಮತ್ತೆ ಮತ್ತೆ ಬರುತ್ತದೆ. ಹೆಚ್ಚಿನ ಪಾಲು ಅರ್ಧ ಗಂಟೆಯೊಳಗೆ ಬಂತು. ಉಳಿದ ಚೂರುಪಾರಿಗೆ ಒಂದು ಇಡೀ ರಾತ್ರಿ ಬೇಕಾಯಿತು.

ಡಿಸ್ಕಿನಲ್ಲಿ ‘ಹಿರಿಯರು’ ಎಂಬ ಫೋಲ್ಡರ್ ಇತ್ತು. ಅದರಲ್ಲಿ 17 ಕಡತ. ಅಜ್ಜಿಯದ್ದು ಅದರಲ್ಲಿ ಇರಲಿಲ್ಲ. ಉಳಿದ ಒಂಬತ್ತು ಫ್ಲಾಪಿಗಳಲ್ಲಿ ಇರಬೇಕು.

ಈಗ ಎರಡನೆಯ ತಪ್ಪು. ಇದನ್ನು ಬರೆಯುವುದು ಕಷ್ಟ.

ಆ ಭಾನುವಾರ ಅಂಕಲ್ ಒಂದು ಮದುವೆಗೆ ಹೋಗಿದ್ದರು. ನಮಗೆ ತಡೆಯಲಾಗಲಿಲ್ಲ. ಫ್ಲಾಪಿಯಲ್ಲಿ ಕರೆಂಟು ಇಲ್ಲ, ಟಪ್ ಎನ್ನುವಂಥದ್ದು ಏನೂ ಇಲ್ಲ, ಹಾಕಿ ನೋಡಿದರೆ ಏನಾಗುತ್ತದೆ ಎಂದು ಧೈರ್ಯ. ಮೊದಲನೆಯದನ್ನು ಡ್ರೈವಿಗೆ ಹಾಕಿದೆವು. ಕರಕರ ಎಂದಿತು, ಓದಲಿಲ್ಲ. ಎರಡನೆಯದನ್ನು ಹಾಕಿದೆವು. ಅದೂ ಕರಕರ. ಮೂರನೆಯದನ್ನು ಕೈಗೆ ತೆಗೆದುಕೊಳ್ಳುವಾಗ ನಮ್ಮಲ್ಲಿ ಒಬ್ಬಳು, ನರ್ಸಿಂಗ್ ಓದುವವಳು, “ನಿಲ್ಲಿಸಿ” ಎಂದಳು. ಮೊದಲನೆಯ ಫ್ಲಾಪಿಯ ಲೋಹದ ಬಾಗಿಲನ್ನು ಬೆರಳಿನಿಂದ ಸರಿಸಿ ಬೆಳಕಿಗೆ ಹಿಡಿದಳು. ಒಳಗಿನ ಕಂದು ತಟ್ಟೆಯ ಮೇಲೆ ಬಿಳಿ ಬಿಳಿ ಬೂಸ್ಟು. ಅದರ ನಡುವೆ ಬಳೆಯ ಹಾಗೆ ಉಂಗುರಾಕಾರದ ಗೀರು. ಎರಡನೆಯದರಲ್ಲಿ ಬೂಸ್ಟು ಇರಲಿಲ್ಲ, ಗೀರು ಮಾತ್ರ ಇತ್ತು. ಮೊದಲನೆಯದರ ಬೂಸ್ಟು ಓದುವ ತಲೆಗೆ ಅಂಟಿಕೊಂಡು, ಚೆನ್ನಾಗಿದ್ದ ಎರಡನೆಯದನ್ನೂ ಕೆರೆದುಹಾಕಿತ್ತು.

ಫ್ಲಾಪಿಯ ನೆನಪು ಎಂದರೆ ಆ ಕಂದು ಲೇಪವೇ. ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ಬಳಿದದ್ದು. ಅದು ಕೆರೆದುಹೋದ ಜಾಗದಿಂದ ಯಾವ ತಂತ್ರಾಂಶವೂ ಏನನ್ನೂ ಹಿಂದೆ ತರಲಾರದು. ಎರಡನೆಯ ಫ್ಲಾಪಿಯ ಚೀಟಿ ನೋಡಿದೆವು. ಮೂರು ಮನೆಯ ಹೆಸರುಗಳಿದ್ದವು. ಅದರಲ್ಲಿ ಒಂದು ನಮ್ಮ ಗೆಳೆಯನ ಮನೆ.

ಅವನು ಏನೂ ಹೇಳಲಿಲ್ಲ. ಸೈಕಲ್ ತೆಗೆದುಕೊಂಡು ಮನೆಗೆ ಹೋದ. ಡ್ರೈವಿಗೆ ಹಾಕಿದ ಕೈ ಅವನದ್ದೇ ಆಗಿತ್ತು. ಆದರೆ ಹಾಕು ಎಂದದ್ದು ನಾವೆಲ್ಲ.

ಎರಡು ಭಾನುವಾರ ಅವನು ಬರಲಿಲ್ಲ. ಮೂರನೆಯ ಭಾನುವಾರ ಅಂಕಲ್ ಅವನ ಮನೆಗೆ ಹೋಗಿ ಕರೆದು ತಂದರು. ಇಬ್ಬರ ನಡುವೆ ಏನು ಮಾತಾಯಿತೋ ನಮಗೆ ತಿಳಿಯದು. ಬಂದವನು ನೋಟ್ ಪುಸ್ತಕ ತೆಗೆದು ತಾನೇ ಬರೆದ: ಯಾವ ತಾರೀಕು, ಯಾವ ಫ್ಲಾಪಿ, ಯಾವ ಕ್ರಮದಲ್ಲಿ ಹಾಕಿದೆವು, ಏನು ಹಾಳಾಯಿತು. ನಾವು ಐದೂ ಜನ ಕೆಳಗೆ ಸಹಿ ಹಾಕಿದೆವು.

ಆಮೇಲೆ ಸರಿಯಾದ ಕ್ರಮ ಕಲಿತೆವು. ಯಾವ ಫ್ಲಾಪಿಯನ್ನೂ ಮೊದಲು ಬೆಳಕಿಗೆ ಹಿಡಿದು, ನಡುವಿನ ಲೋಹದ ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಎರಡೂ ಬದಿ ನೋಡಬೇಕು. ಬೂಸ್ಟು ಇದ್ದರೆ ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಮೆಲ್ಲ ಒರೆಸಿ ಒಣಗಲು ಬಿಡಬೇಕು. ಮೂಲೆಯ ಸಣ್ಣ ಕಿಂಡಿ ತೆರೆದಿದ್ದರೆ ಮಾತ್ರ ಅದರ ಮೇಲೆ ಬೇರೆ ಬರಹ ಬೀಳುವುದಿಲ್ಲ. ಆ ಕಿಂಡಿಯನ್ನು ತೆರೆದಿಡಬೇಕು. ಪ್ರತಿ ಫ್ಲಾಪಿಯ ನಂತರ ಡ್ರೈವಿನ ತಲೆಯನ್ನೂ ಒರೆಸಬೇಕು. ಉಳಿದ ಒಂಬತ್ತು ಫ್ಲಾಪಿಗಳನ್ನು ಹೀಗೆ ಓದಲು ಒಂದು ತಿಂಗಳು ಹಿಡಿಯಿತು. ಅದರಲ್ಲಿ ಐದು ಮಂದಿಯ ಮಾತು ಪೂರ್ತಿಯಾಗಿ ಸಿಕ್ಕಿತು.

ಕೊನೆಗೆ ಗೀರು ಬಿದ್ದ ಎರಡನ್ನೂ ಕೈಗೆತ್ತಿಕೊಂಡೆವು. 1.44 ಎಂಬಿಯ ಫ್ಲಾಪಿಯ ಒಂದೊಂದು ಬದಿಯಲ್ಲಿ 80 ಸುತ್ತುಗಳು, ಒಂದೊಂದು ಸುತ್ತಿನಲ್ಲಿ 18 ತುಂಡುಗಳು, ಒಂದು ತುಂಡಿನಲ್ಲಿ 512 ಗುರುತುಗಳು. ಕನ್ನಡದಲ್ಲಿ ಒಂದು ತುಂಡು ಎಂದರೆ ನಾಲ್ಕೈದು ಸಾಲು. ಗೀರು ಎಲ್ಲ ಸುತ್ತುಗಳ ಮೇಲೂ ಇರಲಿಲ್ಲ. ಉಳಿದ ಸುತ್ತುಗಳನ್ನು ನಕಲು ಮಾಡಿದೆವು. ಮೊದಲನೆಯದರಲ್ಲಿದ್ದ ಒಬ್ಬರ ಮಾತು ಪೂರ್ತಿ ಹೋಯಿತು. ಎರಡನೆಯದರಲ್ಲಿ ಇಬ್ಬರದ್ದು ಉಳಿಯಿತು, ಅಜ್ಜಿಯದ್ದು ಅರ್ಧ ಬಂತು.

ಬಂತು, ಆದರೆ ಓದಲು ಆಗಲಿಲ್ಲ. ಪರದೆಯ ತುಂಬಾ ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಓರೆ ಗೀಟಿರುವ ‘ಎ’, ಎಲ್ಲೆಲ್ಲೂ ಬ್ರಿಟಿಷ್ ಪೌಂಡಿನ ಚಿಹ್ನೆ. ಇದೂ ಹಾಳಾಗಿದೆ ಎಂದು ನಾವು ತಲೆ ಮೇಲೆ ಕೈ ಇಟ್ಟುಕೊಂಡೆವು. ಅಂಕಲ್ ನಕ್ಕರು. “ಇದು ಕನ್ನಡ. ಚಂದದ ಕನ್ನಡ. ವೇಷ ಹಾಕಿಕೊಂಡಿದೆ ಅಷ್ಟೇ.”

ವಿಂಡೋಸ್ 98ರ ಕಾಲದಲ್ಲಿ ಆ ಯಂತ್ರಗಳಿಗೆ ಕನ್ನಡ ಅಕ್ಷರವೇ ಗೊತ್ತಿರಲಿಲ್ಲ. ಹಾಗಾಗಿ ನಮ್ಮ ಅಕ್ಷರಗಳನ್ನು ತುಂಡು ತುಂಡು ಮಾಡಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುವ ಫಾಂಟುಗಳನ್ನು ಮಾಡಿದರು. ತಲೆಕಟ್ಟಿಲ್ಲದ ‘ಕ’ ಕೂತದ್ದು ‘ಪಿ’ಯ ಜಾಗದಲ್ಲಿ, ತಲೆಕಟ್ಟು ಕೂತದ್ದು ಆ ಓರೆ ಗೀಟಿನ ‘ಎ’ಯಲ್ಲಿ, ‘ನ’ ಕೂತದ್ದು ಪೌಂಡಿನಲ್ಲಿ. ‘ಕನ್ನಡ’ ಎಂಬ ಒಂದು ಪದಕ್ಕೆ ಏಳು ಗುರುತು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗಲಿಬಿಲಿ. ಆಗ ಟೈಪ್ ಮಾಡಿದ ಅಣ್ಣ ಈಗ ಗಲ್ಫಿನಲ್ಲಿದ್ದಾರೆ. ಫೋನ್ ಮಾಡಿ ಯಾವ ಫಾಂಟ್ ಎಂದು ಕೇಳಿದೆವು. ‘ಬರಹ’ ಎಂದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದ ತಂತ್ರಾಂಶ ಅದು. ಆ ಫಾಂಟ್ ಹಾಕಿದ ಕೂಡಲೇ ಪರದೆಯ ಮೇಲಿನ ಪೌಂಡುಗಳೆಲ್ಲ ‘ನ’ಗಳಾದವು. ನಮ್ಮ ಗೆಳೆಯ ಕುರ್ಚಿ ಎಳೆದುಕೊಂಡು ಕೂತ.

ಆಮೇಲೆ ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿದೆವು. ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ, ಬೇರೆಯವರ ಜಾಗದಲ್ಲಿ ಕೂರಬೇಕಾಗಿಲ್ಲ. ಬದಲಿಸುವ ತಂತ್ರಾಂಶಗಳಿವೆ, ಆದರೆ ಕಣ್ಣು ಮುಚ್ಚಿ ನಂಬುವಂತಿಲ್ಲ. ಅರ್ಕಾವತ್ತು ಹಳೆಯ ಫಾಂಟಿನಲ್ಲಿ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ’ ಮೊದಲು ಬರಬೇಕು. ಅಲ್ಲಲ್ಲಿ ತಪ್ಪಿದ್ದವು. ‘ಚರ್ಚ್’, ‘ಧರ್ಮ’, ‘ಮಾರ್ಗ’ ಎಲ್ಲವನ್ನೂ ಸಾಲು ಸಾಲಾಗಿ ತಿದ್ದಬೇಕಾಯಿತು. ನಮ್ಮಲ್ಲಿ ಇಬ್ಬರು ಶಾಲೆಯಲ್ಲಿ ಮಲಯಾಳ ಕಲಿತವರು. ಕನ್ನಡವನ್ನು ಬೆರಳಿಟ್ಟು ಓದುತ್ತಿದ್ದರು. ಈಗ ಅವರೇ ಉಳಿದವರ ತಪ್ಪು ಹಿಡಿಯುತ್ತಾರೆ.

ಅಜ್ಜಿಯ ಮಾತು ಎರಡೂವರೆ ಪುಟ ಸಿಕ್ಕಿದೆ. ಹುಡುಗಿಯಾಗಿದ್ದಾಗ ಹೊಳೆ ದಾಟಿ ಪೂಜೆಗೆ ಬರುತ್ತಿದ್ದದ್ದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಚರ್ಚಿನ ಮೆಟ್ಟಿಲಲ್ಲಿ ಹಾಕಿಕೊಳ್ಳುತ್ತಿದ್ದದ್ದು, ಒಂದು ಆಟಿ ತಿಂಗಳಲ್ಲಿ ಅಕ್ಕಿ ಮುಗಿದು ಹಲಸಿನ ಬೀಜದಲ್ಲಿ ದಿನ ದೂಡಿದ್ದು. ಆ ರಾತ್ರಿ ತಾನು ಅಮ್ಮನ ಹತ್ತಿರ ಒಂದು ಮಾತು ಕೇಳಿದೆ ಎನ್ನುತ್ತಾರೆ. ಅಲ್ಲಿಗೆ ನಿಂತಿದೆ. ಮುಂದೆ ಗೀರು.

ಏನು ಕೇಳಿದರು? ನಮ್ಮ ಗೆಳೆಯ ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದ. ಅವನ ಅಪ್ಪ ಒಂದು ಹೇಳಿದರು. ಅತ್ತೆ, ಅಲ್ಲವೇ ಅಲ್ಲ, ಅಮ್ಮ ನನಗೆ ಹೇಳಿದ್ದೇ ಬೇರೆ ಎಂದರು. ಊಟ ತಣ್ಣಗಾಗುವ ತನಕ ಅಣ್ಣ ತಂಗಿಯರ ಚರ್ಚೆ ನಡೆಯಿತಂತೆ. ಅಪ್ಪ ಅಜ್ಜಿಯ ಬಗ್ಗೆ ಅಷ್ಟು ಮಾತಾಡಿದ್ದನ್ನು ತಾನು ಕೇಳಿದ್ದು ಅದೇ ಮೊದಲು ಎಂದ.

ಆ ಜಾಗವನ್ನು ನಾವು ತುಂಬಿಸಲಿಲ್ಲ. ‘ಇಲ್ಲಿಂದ ಮುಂದೆ ಫ್ಲಾಪಿ ಹಾಳಾಗಿದೆ, ಹಾಳು ಮಾಡಿದ್ದು ನಾವು’ ಎಂದು ಬರೆದು ಬಿಟ್ಟಿದ್ದೇವೆ. ಅಪ್ಪ ಹೇಳಿದ್ದನ್ನೂ ಅತ್ತೆ ಹೇಳಿದ್ದನ್ನೂ ಬೇರೆ ಹಾಳೆಯಲ್ಲಿ, ಅವರವರ ಮಾತು ಎಂದೇ ಬರೆದು ಜೊತೆಗೆ ಸೇರಿಸಿದ್ದೇವೆ. ಪೂರ್ತಿ ಹೋದ ಆ ಒಬ್ಬರ ಮನೆಗೂ ಐದು ಜನ ಒಟ್ಟಿಗೆ ಹೋಗಿ, ಆದದ್ದನ್ನು ಹೇಳಿ ಕ್ಷಮೆ ಕೇಳಿದೆವು. ಅವರು ಚಹಾ ಕೊಟ್ಟು, ತಮಗೆ ನೆನಪಿದ್ದದ್ದನ್ನು ಹೇಳಿದರು. ಅದನ್ನೂ ಬರೆದುಕೊಂಡು ಬಂದೆವು.

ಕಂಪ್ಯೂಟರ್ ಈಗ ಧರ್ಮೋಪದೇಶದ ಕೋಣೆಯಲ್ಲಿದೆ. ವಿಂಡೋಸ್ 98 ತೆರೆಯುತ್ತದೆ. ಅದಕ್ಕೆ 2006ರ ಜುಲೈ ನಂತರ ಯಾವ ರಕ್ಷಣೆಯೂ ಬಂದಿಲ್ಲ, ಹಾಗಾಗಿ ಇಂಟರ್ನೆಟ್ಟಿಗೆ ಜೋಡಿಸುವುದಿಲ್ಲ. ಪಾಠ ಮುಗಿದ ಮೇಲೆ ಮಕ್ಕಳು ಇಸ್ಪೀಟಿನ ಸಾಲಿಟೇರ್ ಆಡಲು ಸಾಲು ನಿಲ್ಲುತ್ತಾರೆ. 25 ಮಂದಿ ಹಿರಿಯರ ಮಾತು ಮೂರು ಕಡೆ ಪ್ರತಿಯಾಗಿ ಇದೆ: ಚರ್ಚಿನ ಕಚೇರಿಯಲ್ಲಿ, ಅಂಕಲ್ ಮನೆಯಲ್ಲಿ, ಸಂಘದ ಪೆನ್‌ಡ್ರೈವಿನಲ್ಲಿ. ಮೊಂತಿ ಹಬ್ಬದ ಹೊತ್ತಿಗೆ ಅಚ್ಚು ಹಾಕಿಸಿ ಮನೆ ಮನೆಗೆ ಕೊಡಬೇಕೆಂದಿದ್ದೇವೆ.

ನಿಮ್ಮ ಮನೆಯ ಅಟ್ಟದಲ್ಲೋ ಕಪಾಟಿನಲ್ಲೋ ಹಳೆಯ ಫ್ಲಾಪಿ, ಸಿಡಿ, ಕಂಪ್ಯೂಟರ್ ಇದ್ದರೆ ಗುಜರಿಗೆ ಹಾಕುವ ಮೊದಲು ನಮಗೆ ಒಂದು ಮಾತು ಹೇಳಿ. ಭಾನುವಾರ ಎರಡನೇ ಪೂಜೆಯ ನಂತರ ನಾವು ಅಲ್ಲೇ ಇರುತ್ತೇವೆ. ತರುವಾಗ ಒಂದು ಒಣ ಡಬ್ಬಿಯಲ್ಲಿ ಹಾಕಿ ತನ್ನಿ. ಚೆನ್ನಾಗಿದೆಯೋ ಇಲ್ಲವೋ ನೋಡೋಣ ಎಂದು ಯಾವ ಡ್ರೈವಿಗೂ ಹಾಕಬೇಡಿ, ಯಾವ ಸ್ವಿಚ್ಚನ್ನೂ ಒತ್ತಬೇಡಿ. ಮೊದಲು ಒಟ್ಟಿಗೆ ಕೂತು ಬೆಳಕಿಗೆ ಹಿಡಿದು ನೋಡೋಣ.